ಮಂಗಳೂರು ಬಂದರು ಕರಾವಳಿಯವರ ವಿಷಯ ಮಾತ್ರವಾ? ಸಕಲೇಶಪುರ, ಮೂಡಿಗೆರೆ, ಹಾಸನದವರು ಬರೀರಿ

ಬಾಳ್ಳುಪೇಟೆ ಬೆಳೆಗಾರ
ಎಲ್ರಿಗೂ ನಮಸ್ಕಾರ. ಪಣಂಬೂರಿನ ನವಮಂಗಳೂರು ಬಂದರಿನ ಸುದ್ದಿ ಪೇಪರಲ್ಲಿ ಬಂದ್ರೆ ನಮ್ಮ ಕಡೆಯವರು ಪುಟ ತಿರುವಿ ಮುಂದೆ ಹೋಗ್ತೀವಿ. ಅದು ಘಾಟಿ ಕೆಳಗಿನವರ ವಿಷಯ, ನಮಗ್ಯಾಕೆ ಅಂತ. ಮೊನ್ನೆ ಕಾಫಿ ಬೆಳೆಗಾರರ ಸಭೆಯಲ್ಲೂ ಹಾಗೇ ಆಯ್ತು. ಕೂಲಿ, ಆನೆ, ಕರೆಂಟು, ರೇಟು ಎಲ್ಲದರ ಮಾತೂ ಬಂತು, ಬಂದರಿನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ.

ನನಗೆ ಇದು ಸರಿ ಕಾಣ್ತಿಲ್ಲ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ದೇಶದಲ್ಲಿ ಬೆಳೆದದ್ದರಲ್ಲಿ ಹೆಚ್ಚಿನದು ಇಟಲಿ, ಜರ್ಮನಿ, ಬೆಲ್ಜಿಯಂ, ರಷ್ಯಾ ಅಂತ ಹೊರಗೇ ಹೋಗುತ್ತೆ. ನಾವು ಕಣದಲ್ಲಿ ಒಣಗಿಸಿದ ಚೆರ್ರಿ, ಅಂದ್ರೆ ಕಾಫಿ ಹಣ್ಣು, ಕ್ಯೂರಿಂಗ್ ಕಾರ್ಖಾನೆಯಲ್ಲಿ ಸಿಪ್ಪೆ ಬಿಟ್ಟು, ಗ್ರೇಡ್ ಆಗಿ, ಶಿರಾಡಿ ಘಾಟಿ ಇಳಿದು ಹಡಗು ಹತ್ತುತ್ತೆ. ಆ ಕಡೆಯಿಂದ ಮೇಲೆ ಬರೋದನ್ನೂ ನೋಡಿ. ನಾವು ಗಿಡದ ಬುಡಕ್ಕೆ ಹಾಕೋ ಪೊಟ್ಯಾಷ್‌ಗೆ ಈ ದೇಶದಲ್ಲಿ ಗಣಿ ಇಲ್ಲ, ಅದು ಹಡಗಿನಲ್ಲೇ ಬರಬೇಕು. ಯೂರಿಯಾ ಮಾಡೋ ರಾಜ್ಯದ ಒಂದೇ ಕಾರ್ಖಾನೆ ಎಂಸಿಎಫ್ (ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಜರ್ಸ್) ಇರೋದು ಬಂದರಿನ ಮಗ್ಗುಲಲ್ಲಿ. ಸ್ಪ್ರಿಂಕ್ಲರ್ ಮೋಟರಿಗೆ ಹಾಕೋ ಡೀಸೆಲ್, ಅಡಿಗೆಮನೆ ಗ್ಯಾಸು, ಇವೂ ಬಹುಪಾಲು ಅಲ್ಲಿಂದಲೇ. ಗೊಬ್ಬರ ಹತ್ತಿ ಬರೋದೂ ಕಾಫಿ ಇಳಿದು ಹೋಗೋದೂ ಒಂದೇ ದಾರಿ. ಆ ದಾರಿ ಮಳೆಗಾಲದಲ್ಲಿ ಕುಸಿದರೆ ಎರಡೂ ನಿಲ್ಲುತ್ತೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಬಂದರಿನ ಅರ್ಧ ಭಾಗ ನಮ್ಮ ಘಾಟಿಯಲ್ಲೇ ಇದೆ. ಅಲ್ಲಿ ಹಡಗು ನಿಲ್ಲೋ ಬರ್ತ್ ಎಷ್ಟು ಕಟ್ಟಿದರೂ ಘಾಟಿ ಸರಿಯಾಗದೆ ನಮಗೆ ಅದರ ಫಲ ಸಿಗಲ್ಲ. ಬೆಳೆಗಾರರ ಸಂಘಗಳು ಏನನ್ನ ಕೇಳಬೇಕು? ಗೊತ್ತಿರೋರು ಬರೀರಿ. ಕ್ಯೂರಿಂಗ್‌ನವರು, ಲಾರಿಯವರು, ಮಂಗಳೂರಲ್ಲಿ ಶಿಪ್ಪಿಂಗ್ ಕೆಲಸದಲ್ಲಿರೋ ನಮ್ಮೂರಿನ ಹುಡುಗರು, ಎಲ್ಲಾರೂ.

ಹಾಸನ ಲಾರಿ ಮಾಲೀಕ
ಗೌಡ್ರೆ, ಒಳ್ಳೆ ವಿಷಯ ಎತ್ತಿದ್ರಿ. ಘಾಟಿ ವಿಷಯ ನಾನು ಹೇಳ್ತೀನಿ, ದಿನಾ ಅದರಲ್ಲೇ ಬದುಕೋನು.

ಮಾರನಹಳ್ಳಿಯಿಂದ ಅಡ್ಡಹೊಳೆ ತನಕ ಇರೋದೇ ನಿಜವಾದ ಘಾಟಿ. 2015ರಲ್ಲಿ ಒಂದು ಸಲ, 2018ರಲ್ಲಿ ಇನ್ನೊಂದು ಸಲ ರಸ್ತೆ ಬಂದ್ ಮಾಡಿ ಕಾಂಕ್ರೀಟ್ ಹಾಕಿದ್ರು. ಕಾಂಕ್ರೀಟ್ ಚೆನ್ನಾಗೇ ಐತೆ, ಸುಳ್ಳು ಹೇಳಬಾರದು. ಅದಕ್ಕೆ ಮುಂಚೆ ಬಳ್ಳಾರಿ ಕಡೆ ಅದಿರು ಲಾರಿಗಳು ಬಂದರಿಗೆ ಓಡ್ತಿದ್ದ ಕಾಲ ನೋಡಿದೋರಿಗೆ ಈಗಿನದು ಸ್ವರ್ಗ. ಆಗ ಗುಂಡಿ ಎಷ್ಟಿತ್ತು ಅಂದ್ರೆ ಆಕ್ಸಲ್ ಮುರಿದು ನಿಂತ ಗಾಡಿ ಸಾಲುಸಾಲು. 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿದ ಮೇಲೆ ಆ ಹಾವಳಿ ಹೋಯ್ತು.

ಈಗಿನ ಕಷ್ಟ ಮಣ್ಣು ಕುಸಿಯೋದು. 2018ರ ಆಗಸ್ಟು, 2019, 2024ರ ಜುಲೈ ದೊಡ್ಡತಪ್ಪಲೆ. ದೋಣಿಗಾಲ್ ಹತ್ರ ಒಂದು ಕಡೆ ಕುಸಿತ, ಇನ್ನೊಂದು ಕಡೆ ಚತುಷ್ಪಥದ ಕೆಲಸ. ಚಾರ್ಮಾಡಿ 2019ರ ಮಳೆ ನಂತರ ಭಾರಿ ಗಾಡಿಗೆ ಇಲ್ಲ. ಶಿರಾಡಿ ಮುಚ್ಚಿದರೆ ಕಂಟೇನರ್ ಎಲ್ಲಿಂದ ಇಳಿಸೋದು? ಮಡಿಕೇರಿ ಸುತ್ತಿ ಸಂಪಾಜೆ ಅಂತಾರೆ, 40 ಅಡಿ ಟ್ರೈಲರ್ ತಗೊಂಡು ಆ ತಿರುವಲ್ಲಿ ಹೋಗಿ ನೋಡಿದೋರಿಗೆ ಗೊತ್ತು. ಹಡಗು ನಮಗೋಸ್ಕರ ಕಾಯಲ್ಲ. ಸರಕು ಒಪ್ಪಿಸೋ ಕಟ್‌ಆಫ್ ಟೈಮ್ ಮುಗಿದರೆ ಡಬ್ಬ, ಅಂದ್ರೆ ಕಂಟೇನರ್, ಮುಂದಿನ ಹಡಗಿಗೆ. ಡ್ರೈವರ್‌ಗೆ ಬೈಗುಳ, ನನಗೆ ಬಾಡಿಗೆ ಕಟ್.

ಪಣಂಬೂರಲ್ಲಿರೋ ಮೂಡಿಗೆರೆಯವ
ನಾನು ಶಿಪ್ಪಿಂಗ್ ಕೆಲಸದಲ್ಲಿರೋನು, ಊರು ಮೂಡಿಗೆರೆ. ಬಂದರಿನ ಕಡೆಯಿಂದ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಅದರ ಒಳಗೆ ಏನು ನಡೆಯುತ್ತೆ ಅಂತ ನಮ್ಮ ಕಡೆಯವರಿಗೆ ಅಂದಾಜಿಲ್ಲ.

ಈ ಬಂದರು 1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರಾಗಿ ಘೋಷಣೆ ಆಯ್ತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ್ರು. ಅದಕ್ಕೆ ಹಗಲಿರುಳು ಓಡಾಡಿದವರು ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯ. ಅದಕ್ಕೂ ಮೊದಲು ಇದ್ದದ್ದು ನೇತ್ರಾವತಿ ಗುರುಪುರ ನದಿ ಬಾಯಲ್ಲಿರೋ ಹಳೇ ಬಂದರು. ಮಳೆಗಾಲ ಬಂತು ಅಂದ್ರೆ ಅಲ್ಲಿ ವ್ಯಾಪಾರ ಬಂದ್. ಪಣಂಬೂರಲ್ಲಿ ದಡವನ್ನ ಒಳಕ್ಕೆ ಕೊರೆದು ಕೊಳದ ಹಾಗೆ ಮಾಡಿದ್ದಾರೆ, ಜೂನ್ ಜುಲೈಯಲ್ಲೂ ಹಡಗು ಒಳಗೆ ನಿಶ್ಚಿಂತೆಯಿಂದ ನಿಲ್ಲುತ್ತೆ.

ವರ್ಷಕ್ಕೆ 4 ಕೋಟಿ ಟನ್ನಿಗೂ ಹೆಚ್ಚು ಸರಕು ಓಡಾಡುತ್ತೆ. ಅದರಲ್ಲಿ ದೊಡ್ಡಣ್ಣ ಕಚ್ಚಾತೈಲ ಮತ್ತು ಪೆಟ್ರೋಲಿಯಂ, ಎಂಆರ್‌ಪಿಎಲ್‌ದು. ಆ ರಿಫೈನರಿಯ ಸಾಮರ್ಥ್ಯ ವರ್ಷಕ್ಕೆ 1.5 ಕೋಟಿ ಟನ್. ಆಮೇಲೆ ಎಲ್‌ಪಿಜಿ, ಕಲ್ಲಿದ್ದಲು, ಅದಿರು ಮತ್ತು ಅದರ ಉಂಡೆ (ಪೆಲೆಟ್), ಗೊಬ್ಬರ, ಬೈಕಂಪಾಡಿಯ ಮಿಲ್ಲುಗಳಿಗೆ ತಾಳೆಎಣ್ಣೆ, ಮರದ ದಿಮ್ಮಿ, ಆಫ್ರಿಕಾದ ಗೋಡಂಬಿ. ತೂಕದಲ್ಲಿ ನೋಡಿದ್ರೆ ಕಾಫಿ ಎಲ್ಲೋ ಮೂಲೆಯಲ್ಲಿ. ಬೆಲೆಯಲ್ಲಿ ನೋಡಿ, ಕಂಟೇನರ್ ಅಂಗಳಕ್ಕೆ ಕಾಫಿಯಷ್ಟು ಮುಖ್ಯವಾದ ರಫ್ತು ಕಡಿಮೆ.

20 ಅಡಿ ಡಬ್ಬಕ್ಕೆ 60 ಕೆ.ಜಿ.ಯ 320 ಗೋಣಿಚೀಲ, ಅಂದ್ರೆ 19.2 ಟನ್. ಇಲ್ಲಿ ಒಂದು ತೊಡಕು ಉಂಟು. ರಫ್ತಿಗೆ ಬೇಕಾದಷ್ಟು ಖಾಲಿ ಡಬ್ಬ ಇಲ್ಲೇ ಹುಟ್ಟಲ್ಲ. ಆಮದು ಡಬ್ಬದಲ್ಲಿ ಬಂದು ಖಾಲಿಯಾದರೆ ಮಾತ್ರ ರಫ್ತಿಗೆ ಸಿಗೋದು. ನಮ್ಮಲ್ಲಿ ಬರೋದು ಬಹುಪಾಲು ಎಣ್ಣೆ, ಕಲ್ಲಿದ್ದಲು, ಡಬ್ಬದಲ್ಲಿ ಬರದ ಸರಕು. ಗೋಡಂಬಿ ಬಂದಾಗ ಡಬ್ಬ ಸಿಗುತ್ತೆ. ಕಾಫಿ ಜೋರಿರೋ ಹೊತ್ತಿಗೆ ಗೋಡಂಬಿ ತಡವಾದರೆ ಬೇರೆ ಬಂದರಿಂದ ಖಾಲಿ ಡಬ್ಬ ತರಿಸಬೇಕು, ಅದರ ಖರ್ಚು ಕೊನೆಗೆ ಸುತ್ತಿ ಬಂದು ಬೆಳೆಗಾರನ ರೇಟಿಗೇ ಹತ್ತೋದು. ದೊಡ್ಡ ಹಡಗುಗಳೂ ಸಾಮಾನ್ಯವಾಗಿ ಇಲ್ಲಿಗೆ ಬರಲ್ಲ. ಸಣ್ಣ ಫೀಡರ್ ಹಡಗಲ್ಲಿ ಕೊಲಂಬೋಗೆ ಒಯ್ದು ಅಲ್ಲಿ ದೊಡ್ಡದಕ್ಕೆ ಏರಿಸೋದು ರೂಢಿ.

ಆಲೂರು ಹುಡುಗಿ
ಅಣ್ಣ, ಒಂದು ಕೇಳ್ಲಾ? ಹಡಗಿನ ಬಾಡಿಗೆ ಏರಿದ್ರೆ ನಮ್ಮೂರ ವ್ಯಾಪಾರಿ ಓಟಿ (ಚೀಲಕ್ಕೆ ಬೀಜ ಎಷ್ಟು ಬೀಳುತ್ತೆ ಅನ್ನೋ ಲೆಕ್ಕ) ನೋಡಿ ಕೊಡೋ ರೇಟಿಗೆ ಅದು ಹೇಗೆ ತಟ್ಟುತ್ತೆ? ರೇಟು ಲಂಡನ್‌ನಲ್ಲಿ ನಿರ್ಧಾರ ಆಗುತ್ತೆ ಅಂತಾರಲ್ಲ.

ಪಣಂಬೂರಲ್ಲಿರೋ ಮೂಡಿಗೆರೆಯವ
ತಂಗಿ, ರೊಬಸ್ಟಾ ಜಾತಿ ಕಾಫಿಗೆ ಲಂಡನ್‌ನಲ್ಲಿ, ಅರೇಬಿಕಾ ಜಾತಿಗೆ ನ್ಯೂಯಾರ್ಕ್‌ನಲ್ಲಿ ದರ ನಿಲ್ಲುತ್ತೆ. ಅಲ್ಲಿನ ದರ ಬುಡ. ಕೊಳ್ಳೋನು ತನ್ನ ಊರಿಗೆ ಬಂದು ಸೇರೋ ಹೊತ್ತಿಗೆ ಎಷ್ಟಾಗುತ್ತೆ ಅಂತ ಲೆಕ್ಕ ಹಾಕ್ತಾನೆ. ಹಡಗು ಬಾಡಿಗೆ, ಲಾರಿ, ಕ್ಯೂರಿಂಗ್, ಗೋಣಿ, ಬ್ಯಾಂಕ್ ಬಡ್ಡಿ ಎಲ್ಲಾ ಕಳೆದು ಉಳಿದದ್ದನ್ನ ರಫ್ತುದಾರ ಕೊಡ್ತಾನೆ. ವ್ಯಾಪಾರಿ ಅದರಲ್ಲಿ ತನ್ನದು ತೆಗೆದು, 50 ಕೆ.ಜಿ. ಚೀಲಕ್ಕೆ ಎಷ್ಟು ಕೆ.ಜಿ. ಬೀಜ ಬರುತ್ತೆ ಅಂತ ಓಟಿ ನೋಡಿ ನಿಮಗೆ ಕೊಡ್ತಾನೆ. ಕಟ್ಟಕಡೆಗೆ ನಿಂತಿರೋನಿಗೆ ಬೇರೆ ಯಾರ ಮೇಲೂ ಹಾಕೋಕೆ ಆಗಲ್ಲ.

2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗಿನ ಮೇಲೆ ದಾಳಿ ಶುರುವಾಯ್ತಲ್ಲ, ಆಗ ಸೂಯೆಜ್ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗೋಕೆ ಶುರು ಮಾಡಿದ್ರು. ಯುರೋಪಿಗೆ ಹತ್ತು ದಿನದ ಮೇಲೆ ಹೆಚ್ಚು ಪ್ರಯಾಣ. ಬಾಡಿಗೆ ಹಲವು ಪಟ್ಟು ಏರಿತು. ನಮ್ಮ ಪುಣ್ಯಕ್ಕೆ ಅದೇ ಹೊತ್ತಿಗೆ ಕಾಫಿ ದರ ಮೇಲೆ ಹೋಯ್ತು, 2024ರಲ್ಲಿ ರೊಬಸ್ಟಾ ಚೆರ್ರಿ ಚೀಲ 10,000 ರೂಪಾಯಿ ದಾಟಿತು. ಹಾಗಾಗಿ ಏಟು ಕಾಣಲಿಲ್ಲ. ದರ ಇಳಿದ ವರ್ಷ ಇದೇ ಬಾಡಿಗೆ ಬಂದರೆ ಕಾಣುತ್ತೆ.

ಇದೇ ದಾರಿಗೂ ನಮ್ಮ ಕಾಫಿಗೂ ಹಳೇ ನಂಟು. ಹಾಯಿಹಡಗಿನ ಕಾಲದಲ್ಲಿ ಕಾಫಿ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಹೋಗ್ತಿತ್ತು. ಸಮುದ್ರದ ತೇವಕ್ಕೆ ಬೀಜ ಉಬ್ಬಿ, ಹಸಿರು ಹೋಗಿ ಬಂಗಾರದ ಬಣ್ಣ ಬಂದು, ಹುಳಿ ಕಮ್ಮಿಯಾಗ್ತಿತ್ತು. ಯುರೋಪಿನವರಿಗೆ ಆ ರುಚಿಯೇ ಹಿಡಿಸ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪ್ರಯಾಣ ಚಿಕ್ಕದಾದ ಮೇಲೆ ಆ ರುಚಿಯನ್ನ ಇಲ್ಲೇ ತರಿಸೋಕೆ ಮಂಗಳೂರು ಕಡೆ ಗೋದಾಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಫಿ ಹರಡಿ ಮಳೆಗಾಳಿ ಕುಡಿಸೋ ಕೆಲಸ ಬೆಳೀತು. ಮಾನ್ಸೂನ್ಡ್ ಮಲಬಾರ್ ಅಂದ್ರೆ ಅದೇ, ಭೌಗೋಳಿಕ ಗುರುತು ಕೂಡ ಇದೆ. ಬೀಜ ನಮ್ಮ ಬೆಟ್ಟದ್ದು, ಗಾಳಿ ಕರಾವಳಿದು. ನೂರಾರು ಜನರಿಗೆ, ಅದರಲ್ಲೂ ಹೆಂಗಸರಿಗೆ, ಮಳೆಗಾಲದ ಕೆಲಸ.

ಕುದುರೆಮುಖದ ಮಗಳು
ಬಂದರಿಗೂ ಚಿಕ್ಕಮಗಳೂರು ಜಿಲ್ಲೆಗೂ ಏನು ಸಂಬಂಧ ಅನ್ನೋರಿಗೆ ನಮ್ಮೂರನ್ನ ನೆನಪು ಮಾಡಿಸ್ಬೇಕು. ಹಲವಾರು ವರ್ಷ ಆ ಬಂದರಿನ ದೊಡ್ಡ ರಫ್ತು ಸರಕು ಆಗಿನ ಮೂಡಿಗೆರೆ ತಾಲ್ಲೂಕಿನ ನಮ್ಮ ಬೆಟ್ಟದಿಂದ ಹೋಗಿದ್ದು.

1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಶುರುವಾಯ್ತು. ಇರಾನ್ ದೇಶಕ್ಕೆ ಅದಿರು ಕೊಡೋ ಒಪ್ಪಂದದ ಮೇಲೆ ಕಟ್ಟಿದ್ದು. ಗಣಿ ಸಿದ್ಧ ಆಗೋ ಹೊತ್ತಿಗೆ, 1979ರಲ್ಲಿ, ಅಲ್ಲಿ ಕ್ರಾಂತಿ ಆಗಿ ಕೊಳ್ಳೋರೇ ಇಲ್ಲದ ಹಾಗಾಯ್ತು. ಬೇರೆ ದೇಶದ ಗಿರಾಕಿ ಹುಡುಕಿ, ಆಮೇಲೆ ಪಣಂಬೂರಲ್ಲಿ ಅದಿರಿನ ಉಂಡೆ ಮಾಡೋ ಪೆಲೆಟ್ ಕಾರ್ಖಾನೆ ಹಾಕಿದ್ರು, 1987ರಲ್ಲಿ. ವರ್ಷಕ್ಕೆ 35 ಲಕ್ಷ ಟನ್ ಸಾಮರ್ಥ್ಯದ್ದು.

ನಮ್ಮ ಅಪ್ಪ ಗಣಿಯಲ್ಲಿದ್ರು. ನಮ್ಮ ಬೆಟ್ಟದ ಅದಿರಲ್ಲಿ ಕಬ್ಬಿಣ ಕಮ್ಮಿ. ಅದಕ್ಕೆ ಪುಡಿ ಮಾಡಿ, ಕಬ್ಬಿಣದ ಅಂಶ ಬೇರೆ ಮಾಡಿ, ನೀರಲ್ಲಿ ಕಲಸಿ 67 ಕಿ.ಮೀ. ಕೊಳವೆಯಲ್ಲಿ ಘಾಟಿ ಇಳಿಸಿ ಬಂದರಿಗೆ ಮುಟ್ಟಿಸ್ತಿದ್ರು. ಲಾರಿ ಇಲ್ಲ, ರೈಲಿಲ್ಲ, ರಸ್ತೆ ಹಾಳಾಗಲಿಲ್ಲ. ಉಳಿದ ಕೆಸರು ಲಕ್ಯಾ ಅಣೆಕಟ್ಟೆಗೆ.

ಭದ್ರೆಗೆ ಹೂಳು ಬರ್ತಿತ್ತು, ಸುತ್ತ ಶೋಲಾ ಕಾಡು, 1987ರಲ್ಲೇ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆಗಿತ್ತು. ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟು 2005ರ ಕೊನೆಗೆ ಗಣಿ ನಿಲ್ತು. ನಿಲ್ಲಬೇಕಿತ್ತು ಅಂತಲೇ ನಾನೂ ಹೇಳ್ತೀನಿ, ಅಪ್ಪನೂ ಕೊನೆಗೆ ಹಾಗೇ ಹೇಳ್ತಿದ್ರು. ಆದ್ರೆ ಆಮೇಲೆ ಏನಾಯ್ತು ನೋಡಿ. ಪೆಲೆಟ್ ಕಾರ್ಖಾನೆಗೆ ಛತ್ತೀಸ್‌ಗಢದ ಬೈಲಾಡಿಲ ಅದಿರು ವಿಶಾಖಪಟ್ಟಣದಿಂದ ಹಡಗಲ್ಲಿ ಬರೋಕೆ ಶುರುವಾಯ್ತು. ಬಂದರಿಗೆ ಕೆಲಸ ಉಳೀತು, ಕಾರ್ಖಾನೆಗೂ ಒಂದು ದಾರಿ ಆಯ್ತು. ನಮ್ಮೂರಿಗೆ ಏನೂ ಉಳಿಲಿಲ್ಲ. ಶಾಲೆ, ಆಸ್ಪತ್ರೆ, ಸಂತೆ ಎಲ್ಲಾ ಒಂದೊಂದಾಗಿ ಖಾಲಿ. ಕಳಸ, ಸಂಸೆ ಅಂಗಡಿಯವರಿಗೂ ಏಟು ಬಿತ್ತು. ಗಣಿ ನಿಲ್ಲೋ ವರ್ಷ ಮೊದಲೇ ಗೊತ್ತಿತ್ತು, ಊರಿಗೆ ಬೇರೆ ಕಸುಬು ಏನು ಅಂತ ಯಾರೂ ಯೋಚನೆ ಮಾಡಿರಲಿಲ್ಲ.

ಕಾಫಿಯವರು ಬಂದರಿನ ಬಗ್ಗೆ ಮಾತಾಡೋದು ಸಂತೋಷ. ಅಲ್ಲಿಗೆ ಸರಕು ಕಳಿಸೋದರ ಜೊತೆ, ಕಳಿಸೋ ಮುಂಚೆ ಇಲ್ಲಿ ಎಷ್ಟು ಕೆಲಸ ಉಳಿಸ್ಕೊಳ್ತೀವಿ ಅನ್ನೋದನ್ನೂ ಕೇಳಿ.

ಕೊಟ್ಟಿಗೆಹಾರ ಮಳೆಗಾರ
ಅಕ್ಕ ಹೇಳಿದ್ದು ಮನಸ್ಸಿಗೆ ತಟ್ತು. ಕೊಳವೆ ಮಾತು ಅಂತೂ ಬಹಳ ಮುಖ್ಯ, ಅದಕ್ಕೆ ಮತ್ತೆ ಬರ್ತೀನಿ.

ಲಾರಿ ಅಣ್ಣ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ರಸ್ತೆ ಅಗಲ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ ಅಂತ ಕೆಲವರು ಹೇಳೋ ಮಾತು ನಾನು ಒಪ್ಪಲ್ಲ. ಶಿರಾಡಿಯಲ್ಲಿ ಗುಡ್ಡವನ್ನ ಗೋಡೆ ಹಾಗೆ ನೆಟ್ಟಗೆ ಕಡಿದಿದ್ದಾರೆ. ನಮ್ಮ ಮಣ್ಣು ಕೆಂಪು, ಮೆದು. ಮೇಲಿನ ಹುಲ್ಲು ಮರ ತೆಗೆದು, ನೀರು ಇಳಿಯೋ ಹಳ್ಳ ಮುಚ್ಚಿ, ನೆಟ್ಟಗೆ ಕಡಿದು ಬಿಟ್ಟರೆ ಮಳೆಗೆ ಕೆಳಗೆ ಬರದೆ ಇನ್ನೇನು ಮಾಡುತ್ತೆ? ದೊಡ್ಡತಪ್ಪಲೆಯಲ್ಲಿ ಬಿದ್ದದ್ದು ಅದೇ. ಇಳಿಜಾರಾಗಿ ಕಡಿಬೇಕಾದರೆ ಜಾಗ ಹೆಚ್ಚು ಬೇಕು, ಖರ್ಚು ಹೆಚ್ಚು ಅಂತ ಉಳಿಸಿದ್ದಾರೆ. ಆ ಉಳಿತಾಯಕ್ಕೆ ಪ್ರತಿ ಜುಲೈನಲ್ಲಿ ನಾವು ದಂಡ ಕಟ್ತಿದ್ದೀವಿ.

ಕುದುರೆಮುಖದ ಅದಿರು ಕೊಳವೆಯಲ್ಲಿ ಹೋಯ್ತು. ಪೆಟ್ರೋಲ್ ಡೀಸೆಲ್ ಮಂಗಳೂರಿಂದ ಹಾಸನದ ಮೇಲೆ ಬೆಂಗಳೂರಿಗೆ 2003ರಿಂದ ಕೊಳವೆಯಲ್ಲೇ ಹೋಗ್ತಿದೆ, ನೆರಿಯದಲ್ಲಿ ಪಂಪ್ ಮಾಡಿ ಘಾಟಿ ಹತ್ತಿಸ್ತಾರೆ. ಗ್ಯಾಸಿಗೂ ಹಾಸನ, ಮೈಸೂರು ಮೇಲೆ ಸೋಲೂರಿನ ತನಕ ಕೊಳವೆ ಬಂತು. 2013ರಲ್ಲಿ ಉಪ್ಪಿನಂಗಡಿ ಹತ್ರ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ ಜನ ಸತ್ತದ್ದು ನೆನಪಿರೋರಿಗೆ ಆ ಕೊಳವೆ ಬೆಲೆ ಗೊತ್ತು. ರಸ್ತೆ ಮೇಲಿನ ಭಾರ ಇಳಿಸೋದೇ ದಾರಿ. ಕೊಳವೆಯಲ್ಲಿ ಹೋಗದ ಕಾಫಿ, ಗೊಬ್ಬರ ರೈಲಲ್ಲಿ ಹೋಗಲಿ.

ಹಾಸನ ಲಾರಿ ಮಾಲೀಕ
ಗುಡ್ಡ ನೆಟ್ಟಗೆ ಕಡಿದಿದ್ದು ತಪ್ಪು ಅನ್ನೋದು ಒಪ್ಕೊಂಡೆ ಸಾರ್, ನಾವೇ ಅದರ ಕೆಳಗೆ ಗಾಡಿ ನಿಲ್ಲಿಸ್ಕೊಂಡು ಮೇಲೆ ನೋಡೋರು. ಆದ್ರೆ ರೈಲು ತೋಟದ ಗೇಟಿಗೆ ಬರಲ್ಲ. ತೋಟದಿಂದ ಕ್ಯೂರಿಂಗಿಗೆ, ಅಲ್ಲಿಂದ ಸ್ಟೇಷನ್ನಿಗೆ ಲಾರಿ ಬೇಕೇ ಬೇಕು. ಹಾಸನದೊಳಗೇ ಓಡೋ ಕೆಲಸ ಸಿಕ್ಕರೆ ಬಾಡಿಗೆ ಕಮ್ಮಿ ಇದ್ದರೂ ಘಾಟಿ ಬಿಡೋಕೆ ನಮ್ಮಲ್ಲಿ ಸುಮಾರು ಜನ ತಯಾರು.

ಮೆಣಸು ಮತ್ತು ಅಡಿಕೆ, ಕೊಪ್ಪ
ಬಂದರಿಂದ ಬರೋದೆಲ್ಲ ನಮಗೆ ಒಳ್ಳೆದಲ್ಲ, ಇದನ್ನೂ ಬರ್ಕೊಳ್ಳಿ. ಕಾಳುಮೆಣಸು ಅಗ್ಗದಲ್ಲಿ ಹೊರಗಿಂದ ಬಂದು ಇಲ್ಲಿನ ರೇಟು ಬಿದ್ದ ಮೇಲೆ 2017ರ ಡಿಸೆಂಬರಲ್ಲಿ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಅಂತ ಕಟ್ಟಿದ್ರು, ಅದಕ್ಕಿಂತ ಕಮ್ಮಿ ಬೆಲೆಗೆ ತರೋ ಹಾಗಿಲ್ಲ ಅಂತ. ಶ್ರೀಲಂಕಾ ಜೊತೆಗಿನ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕ ಇಲ್ಲದೆ ಬರಬಹುದು. ಅಡಿಕೆಗೆ 2023ರಲ್ಲಿ ಕನಿಷ್ಠ ಬೆಲೆ 251ರಿಂದ 351 ರೂಪಾಯಿಗೆ ಏರಿಸಿದ್ರು. ಕಾಗದದಲ್ಲಿ ಹೀಗೆ. ಬೆಲೆ ಹೆಚ್ಚು ತೋರಿಸಿಯೋ ಬೇರೆ ಸರಕಿನ ಹೆಸರಲ್ಲೋ ತಂದರೆ ಹಿಡಿಯೋದು ಯಾವ ಬಂದರಿನ ಕಸ್ಟಮ್ಸ್ ಆದ್ರೂ ಕಷ್ಟವೇ. ಕಾಫಿ ತೋಟದ ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯೇ ಎಷ್ಟೋ ಸಣ್ಣ ಬೆಳೆಗಾರರ ವರ್ಷದ ಸಾಲ ತೀರಿಸೋದು. ಸಂಘದವರು ಬಂದರಿನವರ ಹತ್ರ ಮಾತಾಡೋಕೆ ಹೋದರೆ ಆಮದಾಗೋ ಮೆಣಸಿನ ಪರೀಕ್ಷೆ ಬಗ್ಗೆಯೂ ಕೇಳಲೇಬೇಕು.

ಕ್ಯೂರಿಂಗ್ ಮೇಸ್ತ್ರಿ, ಹಾಸನ
ಕುದುರೆಮುಖದ ಅಕ್ಕ ಕೇಳಿದ್ದಕ್ಕೆ ಉತ್ತರ ನಮ್ಮ ಅಂಗಳದಲ್ಲಿದೆ. ಕಾಫಿ ಇಲ್ಲಿ ಇರೋ ತನಕ ಎಷ್ಟು ಕೈಗೆ ಕೆಲಸ ಅಂತ ನೋಡಿ. ಸಿಪ್ಪೆ ಬಿಡಿಸೋ ಹಲ್ಲಿಂಗ್, ಪಾಲಿಶ್, ಜರಡಿಯಲ್ಲಿ ಗಾತ್ರದ ಮೇಲೆ ಎಎ, ಎ, ಬಿ, ಒಂಟಿ ಬೀಜದ ಪೀಬೆರ್ರಿ ಬೇರೆ ಮಾಡೋದು, ಬಣ್ಣದ ಮೆಷಿನ್, ಆಮೇಲೂ ಕೈಯಲ್ಲಿ ಆರಿಸೋ ಹೆಂಗಸರು, ಹೊಲಿಗೆ, ಗುರುತು ಹಾಕೋರು, ಹಮಾಲರು. 1996ರ ತನಕ ಕಾಫಿ ಬೋರ್ಡ್ ಪೂಲ್, ಅಂದ್ರೆ ಬೆಳೆಗಾರರ ಕಾಫಿಯನ್ನ ಬೋರ್ಡೇ ಒಟ್ಟುಮಾಡಿ ಮಾರೋ ಪದ್ಧತಿ ಇದ್ದಾಗ, ಕಾಫಿಯನ್ನ ಬೋರ್ಡಿಗೇ ಒಪ್ಪಿಸಬೇಕಿತ್ತು. ಮುಕ್ತ ಮಾರುಕಟ್ಟೆ ಬಂದ ಮೇಲೆ ರಫ್ತುದಾರರು ತಮ್ಮದೇ ಯಂತ್ರ ಹಾಕ್ಕೊಂಡ್ರು.

ಪ್ರಶ್ನೆ ಇರೋದು ಡಬ್ಬ ಎಲ್ಲಿ ತುಂಬಬೇಕು ಅನ್ನೋದು. ಹಾಸನದಲ್ಲೇ ತುಂಬಿ ಸೀಲ್ ಹಾಕಿದ್ರೆ ಲೋಡಿಂಗ್ ಕೆಲಸ ಇಲ್ಲೇ, ಚೀಲ ಎರಡು ಸಲ ಎತ್ತಿ ಇಳಿಸೋದು ತಪ್ಪುತ್ತೆ, ಕಾಫಿಗೂ ಒಳ್ಳೆದು. ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಶೇಕಡಾ 10, ರೊಬಸ್ಟಾ ಚೆರ್ರಿ ಶೇಕಡಾ 11 ತೇವಾಂಶಕ್ಕೆ ಒಣಗಿಸಿ ಕೊಟ್ಟಿರ್ತೀರಿ. ಜುಲೈನಲ್ಲಿ ಕರಾವಳಿಯ ಗಾಳಿಗೆ ಅಲ್ಲಿ ಬಿಚ್ಚಿಟ್ಟು ತುಂಬಿಸಿದ್ರೆ ಬೀಜ ನೀರು ಎಳ್ಕೊಳ್ಳುತ್ತೆ. ಆದ್ರೆ ಇಲ್ಲಿ ತುಂಬೋಕೆ ಖಾಲಿ ಡಬ್ಬ ಘಾಟಿ ಹತ್ತಿ ಬರಬೇಕು, ಆ ಬಾಡಿಗೆ ನೋಡಿ ಎಷ್ಟೋ ಜನ ಚೀಲವನ್ನೇ ಲಾರಿಯಲ್ಲಿ ಇಳಿಸ್ತಾರೆ. ಗೊಬ್ಬರವೋ ಇನ್ನೊಂದೋ ಡಬ್ಬದಲ್ಲೇ ಮೇಲೆ ಬರೋ ಹಾಗಾದರೆ ಅದೇ ಡಬ್ಬ ತೊಳೆದು ಕಾಫಿಗೆ ಅನ್ನೋರಿಗೆ ಮೊದಲೇ ಹೇಳ್ತೀನಿ, ಆಗಲ್ಲ. ವಾಸನೆ ಹಿಡಿದ ಡಬ್ಬಕ್ಕೆ ಕಾಫಿ ಹಾಕಿದ್ರೆ ಇಟಲಿಯವನು ವಾಪಸ್ ಕಳಿಸ್ತಾನೆ.

ಯುರೋಪಿನ ಹೊಸ ಕಾಡು ನಿಯಮವೂ ಬರ್ತಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ತಗೊಳ್ಳಲ್ಲ ಅಂತ, ಪ್ರತಿ ತೋಟದ ಜಿಪಿಎಸ್ ಗುರುತು ಕೇಳ್ತಾರೆ. ಜಾರಿ ಮುಂದಕ್ಕೆ ಹೋಗಿದೆ ಅಂತ ಸುಮ್ಮನಿರಬೇಡಿ. ಯಾವ ಚೀಲ ಯಾರ ತೋಟದ್ದು ಅನ್ನೋದನ್ನ ಇಲ್ಲೇ, ಕ್ಯೂರಿಂಗ್‌ನಲ್ಲೇ ಬೇರೆ ಇಡಬೇಕು. ಮಂಗಳೂರಲ್ಲಿ ಬೆರೆಸಿದ ಮೇಲೆ ಯಾರಿಗೂ ಹೇಳೋಕಾಗಲ್ಲ.

ನಿವೃತ್ತ ರೈಲ್ವೆ, ಸಕಲೇಶಪುರ
ರೈಲು ಮಾತು ಬಂತಲ್ಲ, ನಾನು ಬರೀತೀನಿ.

ಹಾಸನ ಮಂಗಳೂರು ಹಳಿ 1979ರಲ್ಲಿ ತೆರೆದಾಗ ಮೀಟರ್ ಗೇಜು. ಬಂದರಿಗೆ ಒಳನಾಡಿನ ಸಂಪರ್ಕ ಬೇಕು ಅಂತಲೇ ಹಾಕಿದ್ದು. 1996ರಲ್ಲಿ ಬ್ರಾಡ್‌ಗೇಜ್ ಮಾಡ್ತೀವಿ ಅಂತ ನಿಲ್ಲಿಸಿದ್ರು, ಮತ್ತೆ ಪ್ಯಾಸೆಂಜರ್ ಓಡಿದ್ದು 2007ರ ಡಿಸೆಂಬರಲ್ಲಿ. ನಡುವೆ ಒಂದು ತಲೆಮಾರು ಮಕ್ಕಳು ರೈಲು ನೋಡದೆ ದೊಡ್ಡವರಾದ್ರು. ಕೆಲಸಕ್ಕೆ ದುಡ್ಡು ಹೊಂದಿಸೋಕೆ ಹಾಸನ ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಮಾಡಿದಾಗ ಬಂದರು ಟ್ರಸ್ಟೂ ಅದರಲ್ಲಿ ಹಣ ಹಾಕಿತ್ತು. ಹಾಗಾಗಿ ಬಂದರಿನವರನ್ನ ಈ ಹಳಿ ಬಗ್ಗೆ ಕೇಳೋ ಹಕ್ಕು ನಮಗೂ ಇದೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ 55 ಕಿ.ಮೀ. ಅದರಲ್ಲಿ 57 ಸುರಂಗ, 109 ಸೇತುವೆ, ಏರು 50ಕ್ಕೆ 1. ಗೂಡ್ಸ್ ಮೇಲೆ ಹತ್ತಬೇಕಾದರೆ ಹಿಂದಿನಿಂದ ಬ್ಯಾಂಕರ್ ಇಂಜಿನ್ ತಳ್ಳಬೇಕು. ವೇಗ 30 ಕಿ.ಮೀ. ದಾಟಲ್ಲ. ಒಂದೇ ಹಳಿ, ಎಡಕುಮೇರಿ ಅಂಥ ಕಡೆ ಮಾತ್ರ ಒಂದನ್ನೊಂದು ದಾಟಬಹುದು. ಅಲ್ಲೂ ಕುಸಿತ ಇಲ್ಲದಿಲ್ಲ, 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಕಡಗರವಳ್ಳಿ ನಡುವೆ ಹಳಿ ಕೆಳಗಿನ ಮಣ್ಣೇ ಹೋಗಿ ಸಂಚಾರ ನಿಂತಿತ್ತು. ಆಗ ರಸ್ತೆಯೂ ಬಂದ್, ರೈಲೂ ಬಂದ್.

ಆದರೂ ಗಮನಿಸಿ. ಕಲ್ಲಿದ್ದಲು, ಗೊಬ್ಬರ ತುಂಬಿದ ಗೂಡ್ಸ್ ಗಾಡಿ ಕಷ್ಟಪಟ್ಟು ಮೇಲೆ ಹತ್ತುತ್ತೆ, ಕೆಳಗೆ ಹೋಗೋ ಗಾಡಿಗೆ ಇಳಿಜಾರು. ಕಾಫಿ ಹೋಗೋದು ಕೆಳಗೆ. ಹಾಸನದಲ್ಲಿ ಡಬ್ಬ ಏರಿಸೋ ಕ್ರೇನು, ಕಸ್ಟಮ್ಸ್ ಅಧಿಕಾರಿ ಕೂರೋ ಕೋಣೆ, ವಾರಕ್ಕೆ ಖಾತ್ರಿಯಾಗಿ ಹೊರಡೋ ಒಂದು ಗಾಡಿ, ಇಷ್ಟಿದ್ದರೆ ಕೊಡಗು, ಹಾಸನ, ಚಿಕ್ಕಮಗಳೂರು ಮೂರೂ ಜಿಲ್ಲೆ ಕಾಫಿ ಒಂದು ಕಡೆ ಸೇರುತ್ತೆ. ಒಬ್ಬೊಬ್ಬ ರಫ್ತುದಾರನ ಹತ್ತು ಡಬ್ಬಕ್ಕೆ ರೈಲ್ವೆ ತಿರುಗಿ ನೋಡಲ್ಲ, ಇಡೀ ಗಾಡಿ ತುಂಬುತ್ತೆ ಅಂತ ಬರೆದು ಕೊಟ್ಟರೆ ನೋಡುತ್ತೆ. ಬರೆದು ಕೊಡೋರು ಯಾರು ಅನ್ನೋದು ಸಂಘದವರು ತೀರ್ಮಾನ ಮಾಡಬೇಕು.

ಬಾಳ್ಳುಪೇಟೆ ಬೆಳೆಗಾರ
ಇಷ್ಟು ವಿಷಯ ಬರುತ್ತೆ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ಕೈಮುಗಿತೀನಿ. ಮುಂದಿನ ಸಭೆಗೆ ನಾನು ಮೂರು ಮಾತು ಒಯ್ತೀನಿ. ಹಾಸನದಲ್ಲಿ ಡಬ್ಬ ತುಂಬಿ ರೈಲಿಗೆ ಏರಿಸೋ ಜಾಗ. ಶಿರಾಡಿಯಲ್ಲಿ ನೆಟ್ಟಗೆ ಕಡಿದ ಗುಡ್ಡಕ್ಕೆ ಇಳಿಜಾರು ಕೊಟ್ಟು ಚರಂಡಿ ಮಾಡೋದು, ಅಗಲ ಮಾಡೋ ಮಾತು ಅದಾದ ಮೇಲೆ. ಆಮದು ಮೆಣಸಿನ ತಪಾಸಣೆ. ಕ್ಯೂರಿಂಗ್ ಮೇಸ್ತ್ರಿಯವರೆ, ತೋಟವಾರು ಚೀಲ ಬೇರೆ ಇಡೋಕೆ ಏನೇನು ಬೇಕು ಅಂತ ಒಂದು ಪುಟ ಬರೆದು ಕೊಟ್ರೆ ಅದನ್ನೂ ಸೇರಿಸ್ತೀನಿ. ಸಣ್ಣ ಬೆಳೆಗಾರರ ಹತ್ರ ಪಹಣಿ ಬಿಟ್ಟು ಬೇರೆ ದಾಖಲೆ ಇರಲ್ಲ, ಅವರನ್ನ ಬಿಟ್ಟು ನಾವು ಮುಂದೆ ಹೋಗಬಾರದು.

ಪಣಂಬೂರಲ್ಲಿರೋ ಮೂಡಿಗೆರೆಯವ
ಗೌಡ್ರೆ, ಸಭೆಗೆ ಹೋಗೋ ಮುಂಚೆ ಒಂದು ಲೆಕ್ಕ ತಯಾರು ಮಾಡಿ. ಜನವರಿಯಿಂದ ಜೂನ್ ತನಕ ತಿಂಗಳುವಾರು ಎಷ್ಟು ಚೀಲ ಹಾಸನ, ಚಿಕ್ಕಮಗಳೂರು ಕ್ಯೂರಿಂಗ್‌ಗಳಿಂದ ಹೊರಡುತ್ತೆ, ಅದರಲ್ಲಿ ಎಷ್ಟು ಮಂಗಳೂರಿಗೆ, ಎಷ್ಟು ಕೊಚ್ಚಿ, ಚೆನ್ನೈಗೆ. ಹಡಗು ಕಂಪನಿಯವರಾಗಲಿ ರೈಲ್ವೆಯವರಾಗಲಿ ಮೊದಲು ಕೇಳೋದೇ ಅದನ್ನ. ಇಲ್ಲಿ ಬಂದರಿನ ಕಡೆ ಯಾರ ಹತ್ರ ಮಾತಾಡಬೇಕು ಅನ್ನೋದಕ್ಕೆ ನಾನು ಜೊತೆಗೆ ಬರ್ತೀನಿ.

ಆಲೂರು ಹುಡುಗಿ
ತಿಂಗಳುವಾರು ಲೆಕ್ಕ ನಾನು ಮಾಡ್ತೀನಿ ಅಣ್ಣ, ಕಂಪ್ಯೂಟರ್ ಕೆಲಸ ನನಗೆ ಬರುತ್ತೆ. ಕ್ಯೂರಿಂಗ್‌ನವರು ಅಂಕಿ ಕೊಟ್ಟರೆ ಸಾಕು.

ಕ್ಯೂರಿಂಗ್ ಮೇಸ್ತ್ರಿ, ಹಾಸನ
ನಮ್ಮದು ಕೊಡ್ತೀನಿ ಮಗಳೆ. ಸಾಹುಕಾರರನ್ನ ಒಂದು ಮಾತು ಕೇಳಿ ಸೋಮವಾರ ಹೇಳ್ತೀನಿ.